ಎಂದೆಂದೂ ನಿನ್ನನು ಮರೆತು (ಚಿತ್ರಗೀತೆ)

‘ಎಂದೆಂದೂ ನಿನ್ನನು ಮರೆತು’ ೧೯೭೪ರ ‘ಎರಡು ಕನಸು’ ಕನ್ನಡ ಚಲನಚಿತ್ರದ ಯುಗಳಗೀತೆ. ಸಾಹಿತ್ಯ ಚಿ. ಉದಯಶಂಕರ್ ಅವರದು, ಸಂಗೀತ ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರ ಅವರದು.

ಹಿನ್ನೆಲೆ
ವಾಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ದೊರೈ–ಭಗವಾನ್ ನಿರ್ದೇಶಿಸಿದರು. ರಾಜ್‌ಕುಮಾರ್, ಕಲ್ಪನಾ ಮತ್ತು ಮಂಜುಳಾ ಪ್ರಮುಖ ಪಾತ್ರಧಾರಿಗಳು. ಗೀತೆಯನ್ನು ಪಿ. ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ್ದಾರೆ. ಅದೇ ವರ್ಷ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ರಾಜ್‌ಕುಮಾರ್ ತಮ್ಮ ಗೀತೆಗಳನ್ನು ತಾವೇ ಹಾಡತೊಡಗಿದರು. ಆದ್ದರಿಂದ ಶ್ರೀನಿವಾಸರು ಅವರ ‘ಶಾರೀರ’ವಾಗಿದ್ದ ಕಾಲದ ಕೊನೆಯ ಜನಪ್ರಿಯ ಗೀತೆಗಳಲ್ಲಿ ಇದೂ ಒಂದು.

ತೆಲುಗು ಅವತರಣಿಕೆ
ಚಿತ್ರವು ೧೯೭೫ರಲ್ಲಿ ‘ಪೂಜ’ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಮರುನಿರ್ಮಾಣಗೊಂಡಿತು. ರಾಜನ್–ನಾಗೇಂದ್ರ ಇದೇ ಧಾಟಿಯನ್ನು ಅಲ್ಲಿಯೂ ಬಳಸಿದರು. ಕವಿ ದಾಶರಥಿ ಬರೆದ ‘ಎನ್ನೆನ್ನೋ ಜನ್ಮಲ ಬಂಧಂ’ ಗೀತೆಯನ್ನು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರೊಡನೆ ವಾಣಿ ಜಯರಾಂ ಅವರೇ ಹಾಡಿದರು. ಕನ್ನಡ ಪಠ್ಯವು ಮರೆಯಲಾಗದ ಒಲವನ್ನು ಕುರಿತದ್ದಾದರೆ, ತೆಲುಗು ಪಠ್ಯವು ಜನ್ಮಾಂತರದ ನಂಟನ್ನು ಕುರಿತದ್ದು. ಹೀಗಾಗಿ ಅದು ಅನುವಾದವಲ್ಲ, ಸ್ವತಂತ್ರ ರಚನೆ.

ಪ್ರಭಾವ
ತೆಲುಗು ಗೀತೆಯೂ ಅಷ್ಟೇ ಪ್ರಸಿದ್ಧವಾದುದರಿಂದ ಧಾಟಿಯ ಮೂಲ ತೆಲುಗೆಂದು ಭಾವಿಸುವವರುಂಟು. ಆದರೆ ಕನ್ನಡ ಗೀತೆಯೇ ಒಂದು ವರ್ಷ ಹಿಂದಿನದು. ರಸಮಂಜರಿ ಕಾರ್ಯಕ್ರಮಗಳಲ್ಲಿ ಗಾಯಕರು ಇದನ್ನು ಇಂದಿಗೂ ಹಾಡುತ್ತಾರೆ.