ಉಕ್ಕಿನ ಲೆಕ್ಕವನ್ನು ಬೋಧಿಸಿದ ಆಚಾರ್ಯರು

1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ನಮ್ಮ ಆದವಾನಿ ತಾಲ್ಲೂಕು ಕರ್ನೂಲು ಜಿಲ್ಲೆಗೆ ಸೇರಿತು. ಕೌತಾಳಂ ಸೀಮೆಯ ನಾವು ಆಡಳಿತದಲ್ಲಿ ಆಂಧ್ರದವರಾದೆವು. ಆದರೆ ಬಳ್ಳಾರಿಯ ನಂಟು ಕಡಿದುಹೋಗಲಿಲ್ಲ. ಆ ಬಳ್ಳಾರಿಯಲ್ಲಿ 1980ರಲ್ಲಿ ಸ್ಥಾಪಿತವಾದ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜಿನ ಪ್ರಾಚಾರ್ಯ ಪದವಿಯನ್ನು ಅಲಂಕರಿಸಿದ್ದವರಲ್ಲಿ ಡಾ. ಎಸ್. ಎಸ್. ಭಾವಿಕಟ್ಟಿಯವರೂ ಒಬ್ಬರು. ಅವರ ಅಧ್ಯಾಪನ ಜೀವನವನ್ನು ನಮ್ಮ ವಾಚಕರಿಗೆ ಪರಿಚಯಿಸುವುದು ಉಚಿತವೆಂದು ಭಾವಿಸಿದ್ದೇವೆ.

ಭಾವಿಕಟ್ಟಿಯವರು ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಧಾರವಾಡದ ಎಸ್.ಡಿ.ಎಂ. ಕಾಲೇಜಿನಲ್ಲಿಯೂ ಪ್ರಾಧ್ಯಾಪಕರಾಗಿ ದುಡಿದರು. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿಯೂ ಸೇವೆ ಸಲ್ಲಿಸಿದರು. ಅವರ ಬೋಧನೆಯ ಅವಧಿ ನಾಲ್ಕು ದಶಕಗಳಿಗೂ ಮಿಕ್ಕಿದುದು. ಅತ್ಯಲ್ಪ ವಸ್ತುವಿನಿಂದ ಅತ್ಯಧಿಕ ಬಲವನ್ನು ಪಡೆಯುವ ಆಕಾರ ಯಾವುದು ಎಂಬ ಪ್ರಶ್ನೆಯೇ ಅವರ ಸಂಶೋಧನೆಯ ವಿಷಯ. ಸಿ. ವಿ. ರಾಮಕೃಷ್ಣನ್ ಅವರೊಡನೆ ಬರೆದ, ತಿರುಗುವ ಚಕ್ರಗಳ ಆಕಾರವನ್ನು ಕುರಿತ ಪ್ರಬಂಧವು 1980ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಆದರೆ ವಿದ್ಯಾರ್ಥಿಗಳಲ್ಲಿ ಅವರ ಹೆಸರು ನೆಲೆನಿಂತುದು ಪಠ್ಯಪುಸ್ತಕಗಳಿಂದ. ಅವುಗಳ ಪೈಕಿ ಉಕ್ಕಿನ ರಚನೆಗಳ ವಿನ್ಯಾಸವನ್ನು ಕುರಿತ ಗ್ರಂಥದ ಮಹತ್ವವನ್ನು ಅರಿಯಲು ಸ್ವಲ್ಪ ಹಿಂದಿನ ಚರಿತ್ರೆ ಬೇಕು. ಸ್ವಾತಂತ್ರ್ಯಾನಂತರ ದೇಶದಲ್ಲಿ ಉಕ್ಕಿನ ಅಭಾವವಿತ್ತು; ಅದನ್ನು ಮಿತವ್ಯಯದಿಂದ ಬಳಸುವುದಕ್ಕಾಗಿ ಭಾರತೀಯ ಮಾನಕ ಸಂಸ್ಥೆಯು ನಿಯಮಗಳನ್ನು ರೂಪಿಸಿತು. ಕಟ್ಟಡದ ಉಕ್ಕಿಗೆ ಸಂಬಂಧಿಸಿದ 800ನೆಯ ಸಂಖ್ಯೆಯ ಸಂಹಿತೆಯು 1956ರಲ್ಲಿ ಹೊರಬಂದು, 1962 ಮತ್ತು 1984ರಲ್ಲಿ ಪರಿಷ್ಕೃತವಾಯಿತು. 2007ರಲ್ಲಿ ಅದರ ತತ್ತ್ವವೇ ಬದಲಾಯಿತು.

ಆ ಬದಲಾವಣೆಯನ್ನು ಹೀಗೆ ವಿವರಿಸಬಹುದು. ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್ ಬಲಕ್ಕೆ ಮಣಿಯುವ ಉಕ್ಕಿನ ಸರಳೊಂದಿದೆ ಎನ್ನೋಣ. ಹಳೆಯ ಪದ್ಧತಿಯು ಎಳೆತದಲ್ಲಿ ಅದಕ್ಕೆ 150ರಷ್ಟನ್ನು ಮಾತ್ರ ಹೊರಿಸಲು ಅನುಮತಿಸುತ್ತಿತ್ತು. ಹೊಸದಾದ ಮಿತಿಸ್ಥಿತಿ ಪದ್ಧತಿಯಲ್ಲಿ ಹೊರೆಯನ್ನು ಒಂದೂವರೆ ಪಾಲು ಹೆಚ್ಚಿಸಿ, ಉಕ್ಕಿನ ಬಲವನ್ನು 1.10ರಿಂದ ಭಾಗಿಸಿ, ಎರಡನ್ನೂ ತೂಗಿನೋಡಬೇಕು. ಇಂಥ ಸರಳ ಎಳೆತದಲ್ಲಿ ಎರಡೂ ಲೆಕ್ಕಗಳ ಉತ್ತರ ಬಹುತೇಕ ಒಂದೇ. ಬಾಗುವ ತೊಲೆಗಳಲ್ಲಿಯಾದರೋ ಉಕ್ಕು ಮಣಿಯಲಾರಂಭಿಸಿದ ಮೇಲೂ ಉಳಿಯುವ ಶಕ್ತಿಯನ್ನು ಹೊಸ ಪದ್ಧತಿಯು ಗಣಿಸುತ್ತದೆ. ಕುಸಿತವನ್ನೂ ಅತಿಯಾದ ಬಾಗುವಿಕೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಹಳೆಯ ಪದ್ಧತಿಯಲ್ಲಿ ನುರಿತ ಅಧ್ಯಾಪಕರೂ ಪುನಃ ಕಲಿಯಬೇಕಾದ ಸಂದರ್ಭವದು. ಆಗ ಭಾವಿಕಟ್ಟಿಯವರು ಹೊಸ ಸಂಹಿತೆಯನ್ನನುಸರಿಸಿ, ಬಿಡಿಸಿದ ಲೆಕ್ಕಗಳೊಡನೆ ಪುಸ್ತಕವನ್ನು ರಚಿಸಿಕೊಟ್ಟರು.

ಉಕ್ಕಿನ ಲೆಕ್ಕವು ಪಟ್ಟಣದ ಮಾತು, ರೈತರಾದ ನಮಗೇಕೆ ಎಂದು ಯಾರೂ ಕೇಳುವಂತಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳು ಉಕ್ಕಿನವು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋದಾಗ, ಕೆಳದಂಡೆಯ ಕಾಲುವೆಯನ್ನು ನಂಬಿದ ನಮ್ಮ ಸೀಮೆಯ ಮನೆಮನೆಯೂ ತಲ್ಲಣಿಸಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಒಂದು ವಾರದೊಳಗೆ ನೀರನ್ನು ತಡೆದರು. ಸರಪಳಿಯ ಒಂದು ಕೊಂಡಿಗೆ ಎಷ್ಟು ಹೊರೆ ಸಲ್ಲುವುದೆಂಬ ಅರಿವು ಎಷ್ಟು ಗದ್ದೆಗಳನ್ನು ಕಾಯುತ್ತದೆಂಬುದು ಅಂದು ನಮಗೆ ಮನವರಿಕೆಯಾಯಿತು.

ಅಂಥ ಅರಿವುಳ್ಳವರು ತರಗತಿಗಳಿಂದಲೇ ಬರಬೇಕು. ಕನ್ನಡ ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ಬಾಲಕ ಬಾಲಕಿಯರಿಗೆ ಮೊದಲು ಎದುರಾಗುವ ಕಷ್ಟ ಗಣಿತದ್ದಲ್ಲ, ಇಂಗ್ಲಿಷಿನದು. ಹಂತಹಂತವಾಗಿ ಬಿಡಿಸಿದ ಒಂದು ಲೆಕ್ಕವು ಆ ಕಷ್ಟವನ್ನು ಅರ್ಧ ಕಳೆಯುತ್ತದೆ. ಉಳಿದರ್ಧವನ್ನು ಕಳೆಯುವ ಹೊಣೆ ನಮ್ಮದು. ಕಲಿತು ಬಂದ ತರುಣರು ರಜಾದಿನಗಳಲ್ಲಿ ಊರಿನ ಮಕ್ಕಳನ್ನು ಕೂರಿಸಿಕೊಂಡು, ಹೊರೆ, ಎಳೆತ, ಬಾಗುಗಳ ತತ್ತ್ವವನ್ನು ಕನ್ನಡದಲ್ಲಿ ತಿಳಿಸಿಕೊಡಲಿ. ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಬೇರೊಂದಿಲ್ಲ.