ಬೆಳ್ ಎಂಬ ಬೇರು

ಘಟಪ್ರಭಾ ಹೊಳೆಯ ಹೆಸರಿನಲ್ಲೇ ಪ್ರಭೆ ಇದೆ, ಸಂಸ್ಕೃತದ ಪ್ರಭೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ದಿನ ತೆರೆಯುವುದು ಅಪ್ಪಟ ದ್ರಾವಿಡದ ‘ಬೆಳ್’ ಎಂಬ ಬೇರಿನಿಂದ. ನಸುಕಿಗೆ ಬೆಳ್ಳಿಚಿಕ್ಕಿ, ‘ಬೆಳಗಾತು ಏಳೋ’ ಎನ್ನುವ ಅವ್ವ, ಒಗ್ಗರಣೆಗೆ ಬಳ್ಳೊಳ್ಳಿ, ಕಬ್ಬಿಗೆ ನೀರು ಬಿಟ್ಟೊಡನೆ ಬಂದಿಳಿಯುವ ಬೆಳ್ಳಕ್ಕಿ. ರೋಗಿಯ ಪಕ್ಕ ಕೂತವರಿಗೆ ‘ಬೆಳತನಕ ನಿದ್ದಿಲ್ಲ’.

ತಮಿಳಿನ ವೆಳ್ಳಿ, ತೆಲುಗಿನ ವೆಲುಗು ಇದರ ಒಡಹುಟ್ಟುಗಳು. ಮೂಲದ ವಕಾರ ಕನ್ನಡಕ್ಕೆ ಬಂದು ಬಕಾರವಾಯಿತು. ಹಳಗನ್ನಡದ ಬೆಳ್ಪು ಎಂದರೆ ಬಿಳುಪು, ಬೆಳ್ಗೊಡೆ ಎಂದರೆ ಅರಸರ ಬಿಳಿಯ ಕೊಡೆ. ಶ್ರವಣಬೆಳಗೊಳದ ಕೊಳವೂ ಬಿಳಿಯದೇ. (ಬೆಳಗಾವಿಯನ್ನು ಮಾತ್ರ ಈ ಸಾಲಿಗೆ ಎಳೆಯಬಾರದು, ಅದು ವೇಣುಗ್ರಾಮ, ಬಿದಿರಿನ ಊರು.) ಹೀಗೆ ಬಿಳಿಯೂ ಬೆಳಕೂ ಒಂದೇ ಬಸಿರಿನ ಕೂಸುಗಳು.

ಆದರೆ ಮನುಷ್ಯ ಹೊತ್ತಿಸಿದ ಬೆಳಕು ಬಹುಕಾಲ ಬಿಳಿಯಾಗಿರಲೇ ಇಲ್ಲ. ಕುಸುಬಿ ಎಣ್ಣೆಯ ಹಣತೆ, ಸೀಮೆಎಣ್ಣೆಯ ಚಿಮಣಿ ಎರಡರದೂ ಹಳದಿ. ಇಂಗಾಲದ ಮಸಿಕಣ ಕಾದು ಹೊಳೆಯುವ ಬಣ್ಣ ಅದು. ಗೋಕಾಕದಲ್ಲಿ 52 ಮೀಟರ್ ಧುಮುಕುವ ನೀರಿನಿಂದ 1887ರಲ್ಲೇ ಕರೆಂಟು ತೆಗೆದರೆಂದು ಊರವರು ಅಭಿಮಾನದಿಂದ ಹೇಳುತ್ತಾರೆ. ಆ ಕಾಲದ ಬಲ್ಬಿನೊಳಗೆ ಕಾಯುತ್ತಿದ್ದ ಎಳೆಯೂ ಇಂಗಾಲದ್ದೇ, ಬೆಳಕೂ ಹಳದಿಯೇ.

ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1987ರಲ್ಲಿ, ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ಇಂಗಾಲದ ಸಂಯುಕ್ತಗಳನ್ನು ಸುಡದೆ, ಕೂದಲಿಗಿಂತ ನೂರಾರು ಪಟ್ಟು ತೆಳುವಾಗಿ ಹಾಸಿ, ವಿದ್ಯುತ್ ಹರಿಸಿ ಹೊಳೆಯಿಸಿದ ಬಗೆಯನ್ನು ಪ್ರಕಟಿಸಿದರು. ಬಂದದ್ದು ಹಸಿರು. ಬಿಳಿ ಬೇಕೆಂದ ಜಪಾನಿನ ಜುಂಜಿ ಕಿಡೊ 1990ರ ದಶಕದಲ್ಲಿ ಬಣ್ಣಗಳನ್ನು ಬೆರೆಸಬೇಕಾಯಿತು. ನುಡಿಯಲ್ಲಿ ಒಂದೇ ಉಸಿರಿಗೆ ಬರುವ ಬಿಳಿಬೆಳಕಿಗೆ ಪ್ರಯೋಗಾಲಯದಲ್ಲಿ ನೀಲಿ, ಹಸಿರು, ಕೆಂಪು ಎಲ್ಲವೂ ಬೇಕು. ಮೇಲಾಗಿ, ಕರೆಂಟು ಕೆರಳಿಸಿದ ಅಣುಗಳ ಪ್ರತಿ ನಾಲ್ಕು ಸ್ಥಿತಿಗಳಲ್ಲಿ ಮೂರು ಬೆಳಕು ಕೊಡದೆ ಶಾಖವಾಗಿ ಪೋಲಾಗುತ್ತಿದ್ದವು. ಇರಿಡಿಯಂ, ಪ್ಲಾಟಿನಂನಂಥ ಭಾರಲೋಹ ಸೇರಿದ ಅಣುಗಳು ಅವನ್ನೂ ಬೆಳಕಾಗಿಸಿದವು. ನೀಲಿಯೊಂದು ಇಂದಿಗೂ ಬೇಗ ಸೊರಗುತ್ತದೆ.

ಒಎಲ್‌ಇಡಿ ಎಂಬ ಈ ದೀಪಕ್ಕೆ ಪಠ್ಯಪುಸ್ತಕ ಅಂಟಿಸುವ ‘ಸಾವಯವ’ ಎಂಬ ಮಾತಿಗಿಂತ ನನಗೆ ‘ಬೆಳಗು’ ಎಂಬ ಕ್ರಿಯಾಪದವೇ ಹತ್ತಿರ. ಅದಕ್ಕೆ ಎರಡು ನಡೆ. ಆರತಿ ಬೆಳಗಿದಳು, ಮುಸುರೆ ಭಾಂಡೆ ಬೆಳಗಿದಳು: ಹೊಳಪು ಇನ್ನೊಬ್ಬರು ತಂದದ್ದು. ದೀಪ ಬೆಳಗಿತು: ಹೊಳಪು ಅದರದೇ. ಎಲ್‌ಸಿಡಿ ಪರದೆಗೆ ಬೆನ್ನ ಹಿಂದಿನಿಂದ ಬೆಳಕು ಹಾಯಿಸಬೇಕು. ಒಎಲ್‌ಇಡಿಯಲ್ಲಿ ಆ ತೆಳುಪದರ ತಾನೇ ಬೆಳಗುತ್ತದೆ.