ಘಾಟಿಯ ದನದ ಜಾತ್ರೆ ಮತ್ತು ರೈಲುದಾರಿ

ಅಚ್ಯುತಾಪುರದ ಸೀಮೆಯಲ್ಲಿ ನೆಲೆಸಿದ ನಾವು ವಿಶಾಖಪಟ್ಟಣದಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟರೆ, ಗೌರಿಬಿದನೂರು ದಾಟಿದ ಮೇಲೆ ಮಾಕಳಿದುರ್ಗವೆಂಬ ಸಣ್ಣ ಸ್ಟೇಷನ್ನು ಹಾದುಹೋಗುತ್ತದೆ. ಅದಕ್ಕೆ ಸಮೀಪದಲ್ಲೇ ಘಾಟಿ ಸುಬ್ರಹ್ಮಣ್ಯ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಕಾಲಕ್ಕೆ ಕೂಡುವ ಅಲ್ಲಿನ ದನದ ಜಾತ್ರೆ ಹೆಸರಾದದ್ದು. ಹಳ್ಳಿಕಾರ್ ಜೋಡಿಗಳಿಗಾಗಿ ಆಂಧ್ರದ ರೈತರೂ ಬರುವುದುಂಟು.

ಮೈಸೂರು ಸಂಸ್ಥಾನದವರು ಬೆಂಗಳೂರು–ಹಿಂದೂಪುರ ಮೀಟರ್‌ಗೇಜ್ ದಾರಿಯನ್ನು 1893ರ ಹೊತ್ತಿಗೆ ಹಾಕಿಸಿದರು. ಜಾತ್ರೆಯ ಬಯಲಿಗೂ ಒಂದು ಕವಲುದಾರಿ ಎಳೆಯಬಾರದಿತ್ತೇ ಎಂದು ನಮಗೆ ಅನಿಸಿದ್ದುಂಟು. ಲೆಕ್ಕ ಹಾಕಿ ನೋಡಿದರೆ (ಬ್ಯಾಂಕಿನವರ ಚಾಳಿ!) ಸಂಗತಿ ತಿಳಿಯುತ್ತದೆ. ಹಳಿಯ ಖರ್ಚು ವರ್ಷವಿಡೀ. ವ್ಯಾಪಾರವೋ ಕೆಲವೇ ದಿನ. ಮೇಲಾಗಿ ನಡಿಗೆ ನೋಡದೆ ಯಾವ ರೈತ ಎತ್ತು ಕೊಂಡಾನು? ಕೊಂಡದ್ದನ್ನು ನಡೆಸಿಕೊಂಡೇ ಊರು ಸೇರುತ್ತಿದ್ದರು.

ಅಮೆರಿಕದ ಷಿಕಾಗೋದಲ್ಲಿ ಹಾಗಲ್ಲ. ರೈಲ್ವೆ ಕಂಪನಿಗಳೇ ಕೂಡಿ 1865ರಲ್ಲಿ ದನದ ಪೇಟೆ ತೆರೆದವು. ಅಲ್ಲಿ ದನಗಳು ಹೋಗುತ್ತಿದ್ದುದು ಕಸಾಯಿಖಾನೆಗೆ, ಅದೂ ದಿನನಿತ್ಯ. ಆದ್ದರಿಂದ ಹಳಿಗೆ ಬಿಡುವಿರಲಿಲ್ಲ. ಲಾರಿಗಳ ಕಾಲ ಬಂದು ಆ ಪೇಟೆ 1971ರಲ್ಲಿ ಮುಚ್ಚಿತು.

ಘಾಟಿಯ ಜೋಡಿಗಳು ಉಳುಮೆಗೆಂದು ಬೆಳೆದವು. ಟ್ರ್ಯಾಕ್ಟರು ಆ ಕೆಲಸವನ್ನು ಬಹುಪಾಲು ಕಸಿದುಕೊಂಡಿದೆ. ಆದರೂ ಸಾಕುವವರು ಇನ್ನೂ ಇದ್ದಾರೆ. ಈಗ ರಾಸುಗಳು ಟೆಂಪೋಗಳಲ್ಲಿ ಬಂದಿಳಿಯುತ್ತವೆ.